ಆಲಿಕಲ್ಲು ಮಳೆಯಿಂದ ಮನೆಯ ಮೇಲ್ಛಾವಣಿಗೆ ಹಾನಿ: ಪರಿಹಾರ ಮತ್ತು ವಿಮೆ ಪಡೆಯುವ ಕ್ರಮ (ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳಿಗೆ)

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ ಹಿಂಗಾರಿ ಬೆಳೆಯ ಸುಗ್ಗಿ ಮುಗಿದು ಮುಂಗಾರಿಗೆ ಹೊಲ ಸಿದ್ಧಪಡಿಸುವ ನಡುವಿನ ಅವಧಿಯಲ್ಲಿ, ಅಂದರೆ ಮಾರ್ಚ್‌ನಿಂದ ಮೇ ತಿಂಗಳವರೆಗೆ, ಗುಡುಗು-ಗಾಳಿ ಸಹಿತ ಅಡ್ಡಮಳೆ ಸುರಿಯುವುದು ವಾಡಿಕೆ. ಈ ಮಳೆಯೊಂದಿಗೆ ಕೆಲವೊಮ್ಮೆ ಆಲಿಕಲ್ಲು ಬೀಳುತ್ತದೆ. ಆಗ ಹೊಲದಲ್ಲಿ ಬೆಳೆ ಕಡಿಮೆ ಇರುವುದರಿಂದ ಪೆಟ್ಟು ಬೀಳುವುದು ಹೆಚ್ಚಾಗಿ ಮನೆಯ ಮೇಲ್ಛಾವಣಿಗೆ, ದನದ ಕೊಟ್ಟಿಗೆಗೆ, ಮೇವಿನ ಬಣವೆಗೆ ಮತ್ತು ಮನೆಯೊಳಗೆ ಚೀಲಗಳಲ್ಲಿ ಕಾಯ್ದಿಟ್ಟ ಕಾಳಿಗೆ. ಬೆಳೆ ಹಾನಿಯ ಬಗ್ಗೆ ನಮ್ಮ ರೈತರಿಗೆ ಇರುವಷ್ಟು ತಿಳಿವಳಿಕೆ ಮನೆ ಹಾನಿಯ ಬಗ್ಗೆ ಇಲ್ಲ. ಬೆಳೆ ವಿಮೆಯ ಕಂತು ಕಟ್ಟಿದ್ದೇನೆ, ಆದ್ದರಿಂದ ಮನೆಯ ತಗಡು ಹಾರಿದ್ದಕ್ಕೂ ಹಣ ಬರುತ್ತದೆ ಎಂದು ನಂಬಿರುವವರು ಅನೇಕರು. ಅದು ಬರುವುದಿಲ್ಲ. ಯಾವ ಹಾನಿಗೆ ಯಾವ ಬಾಗಿಲನ್ನು ತಟ್ಟಬೇಕು, ಎಷ್ಟು ಗಂಟೆಯೊಳಗೆ, ಯಾವ ಸಾಕ್ಷಿಯೊಂದಿಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಆಲಿಕಲ್ಲಿನ ಪೆಟ್ಟು ಎಷ್ಟು?

ಬೇಸಿಗೆಯಲ್ಲಿ ಕಾದ ನೆಲದಿಂದ ಬಿಸಿಗಾಳಿ ವೇಗವಾಗಿ ಮೇಲೇರಿ ಎತ್ತರದ ಗುಡುಗು ಮೋಡಗಳು ಕಟ್ಟುತ್ತವೆ. ಸುಮಾರು ನಾಲ್ಕೈದು ಕಿಲೋಮೀಟರ್ ಎತ್ತರದ ಮೇಲೆ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿರುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹನಿಯನ್ನು ಮೇಲ್ಮುಖ ಗಾಳಿ ಬಹಳ ಹೊತ್ತು ಬೀಳಗೊಡದೆ ಹಿಡಿದಿಟ್ಟರೆ ಅದರ ಮೇಲೆ ಪದರ ಪದರವಾಗಿ ಮಂಜುಗಡ್ಡೆ ಬೆಳೆಯುತ್ತದೆ. ಗಾಳಿ ತಡೆಯಲಾರದಷ್ಟು ಭಾರವಾದಾಗ ಅದು ನೆಲಕ್ಕೆ ಬೀಳುತ್ತದೆ. ಮೋಡ ಚಲಿಸುವ ದಾರಿಯಲ್ಲಿ ಕಿರಿದಾದ ಪಟ್ಟಿಯಷ್ಟೇ ಜಾಗದಲ್ಲಿ ಆಲಿಕಲ್ಲು ಬೀಳುವುದರಿಂದ ಒಂದು ಊರಿನ ಒಂದು ಓಣಿ ಹಾಳಾಗಿ ಪಕ್ಕದ ಓಣಿ ಉಳಿಯುವುದುಂಟು. ಈ ಸಂಗತಿ ಪರಿಹಾರದ ವಿಷಯದಲ್ಲಿ ಬಹಳ ಮುಖ್ಯವಾದುದು. ಮುಂದೆ ಅದನ್ನು ನೋಡೋಣ.

ಕಲ್ಲಿನ ವ್ಯಾಸ ಎರಡು ಪಟ್ಟಾದರೆ ಅದರ ತೂಕ ಎಂಟು ಪಟ್ಟಾಗುತ್ತದೆ. ಬೀಳುವ ವೇಗವೂ ಹೆಚ್ಚುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಪೆಟ್ಟಿನ ಶಕ್ತಿ ಸುಮಾರು ಹದಿನಾರು ಪಟ್ಟು. ಆದ್ದರಿಂದ ಕಡಲೆ ಕಾಳಿನ ಗಾತ್ರದ ಆಲಿಕಲ್ಲು ತಗಡಿನ ಮೇಲೆ ಸದ್ದು ಮಾಡಿ ಹೋದರೆ, ನಿಂಬೆಹಣ್ಣಿನ ಗಾತ್ರದ್ದು ಸಿಮೆಂಟ್ ಶೀಟನ್ನು ತೂತು ಮಾಡಿ ಒಳಗಿದ್ದವರ ತಲೆ ಒಡೆಯಬಲ್ಲದು. ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ 1888ರ ಏಪ್ರಿಲ್ 30ರಂದು ಬಿದ್ದ ಆಲಿಕಲ್ಲಿಗೆ 246 ಜನ ಬಲಿಯಾದುದು ಇಂದಿಗೂ ಜಗತ್ತಿನ ದಾಖಲೆಯಾಗಿ ಉಳಿದಿದೆ. ನಮಗೆ ಹತ್ತಿರದ ನೆನಪೆಂದರೆ 2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಭಾಗಗಳಲ್ಲಿ ದಿನಗಟ್ಟಲೆ ಮರುಕಳಿಸಿದ ಆಲಿಕಲ್ಲು ಮಳೆ. ಆ ಬಳಿಕವೇ ಈ ವಿಷಯದ ಅಧ್ಯಯನಕ್ಕೆ ದೇಶದಲ್ಲಿ ಗಂಭೀರ ಗಮನ ದೊರೆಯಿತು.

ನಮ್ಮ ಭಾಗದ ಮೇಲ್ಛಾವಣಿಗಳು

ಎಲ್ಲ ಮನೆಗಳಿಗೂ ಒಂದೇ ರೀತಿಯ ಹಾನಿ ಆಗುವುದಿಲ್ಲ. ತಗಡಿನ ಶೀಟಿಗೆ ಆಲಿಕಲ್ಲಿಗಿಂತ ಗಾಳಿಯೇ ದೊಡ್ಡ ಶತ್ರು. ಕಲ್ಲು ತಗಡನ್ನು ತಗ್ಗು ಮಾಡುತ್ತದೆ, ಸತುವಿನ ಲೇಪನವನ್ನು ಒಡೆಯುತ್ತದೆ. ಮುಂದಿನ ಒಂದೆರಡು ಮಳೆಗಾಲಗಳಲ್ಲಿ ಆ ಜಾಗ ತುಕ್ಕು ಹಿಡಿದು ಸೋರುತ್ತದೆ. ಆದರೆ ಗಾಳಿ ಅಂಚಿನಿಂದ ಒಳನುಗ್ಗಿ ಶೀಟನ್ನು ಅಡಿಯಿಂದ ಎತ್ತುತ್ತದೆ. ಹಾರದಿರಲಿ ಎಂದು ತಗಡಿನ ಮೇಲೆ ಕಲ್ಲು ಹೇರುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಅದನ್ನು ಬಿಡಿ. ತಗಡು ಎದ್ದಾಗ ಆ ಕಲ್ಲು ಉರುಳಿ ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ಅಂಚಿನ ಸಾಲಿನಲ್ಲಿ ಕೊಕ್ಕೆ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಿಸುವುದು, ಸವೆದ ರಬ್ಬರ್ ವಾಷರ್ ಬದಲಿಸುವುದು, ಭಾರ ಬೇಕೇಬೇಕೆಂದರೆ ಉಸುಕಿನ ಚೀಲಗಳನ್ನು ತಂತಿಯಿಂದ ಬಿಗಿದು ಕಟ್ಟುವುದು ಸುರಕ್ಷಿತ. ಗಜೇಂದ್ರಗಡದ ಗುಡ್ಡದ ಅಂಚಿನ ಊರುಗಳಲ್ಲಿ ಗಾಳಿಯ ಹೊಡೆತ ಎಷ್ಟೆಂಬುದಕ್ಕೆ ಅಲ್ಲಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ.

ಸಿಮೆಂಟ್ ಶೀಟು ಹಳೆಯದಾದಷ್ಟೂ ಪೆಡಸಾಗುತ್ತದೆ. ಆಲಿಕಲ್ಲಿನ ಪೆಟ್ಟಿಗೆ ಬೋಲ್ಟಿನ ಸುತ್ತ ಕೂದಲೆಳೆಯಂತಹ ಬಿರುಕು ಬಿಟ್ಟು, ಆ ದಿನ ಏನೂ ಆಗಿಲ್ಲವೆಂದು ತೋರಿ, ಮೃಗಶಿರಾ ಮಳೆಯಲ್ಲಿ ಸೋರತೊಡಗುತ್ತದೆ. ಆಗ ಹಾನಿಯ ಅರ್ಜಿ ಕೊಟ್ಟರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಆಲಿಕಲ್ಲು ಬಿದ್ದ ಮರುದಿನವೇ ಮನೆಯೊಳಗಿನ ಕತ್ತಲಲ್ಲಿ ನಿಂತು ಮೇಲೆ ನೋಡಿ. ಬಿಸಿಲಿನ ಎಳೆ ಕಂಡಲ್ಲೆಲ್ಲ ಸುಣ್ಣದ ಗುರುತು ಹಾಕಿ ಫೋಟೋ ತೆಗೆಯಿರಿ. ಒಡೆದ ಶೀಟಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಗರಗಸದಿಂದ ಕೊಯ್ಯುವುದು, ಒಣ ಪುಡಿಯನ್ನು ಗುಡಿಸುವುದು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ತುಂಡುಗಳನ್ನು ಎತ್ತಬೇಕು.

ಹಂಚಿನ ಮನೆಯಲ್ಲಿ ಒಡೆದ ಹಂಚು ಬದಲಿಸುವುದು ಸುಲಭ. ಒದ್ದೆಯಾದ ಮರದ ರೀಪು ಕೊಳೆಯುವುದು ನಿಜವಾದ ನಷ್ಟ. ಗಜೇಂದ್ರಗಡದಲ್ಲಿ ಹಂಚಿನಡಿ ಕೈಮಗ್ಗ ಹೂಡಿರುವ ನೇಕಾರರು ಮಗ್ಗ ಮತ್ತು ನೂಲಿನ ಹಾನಿಯನ್ನು ಮನೆಯ ಹಾನಿಯೊಳಗೆ ಸೇರಿಸಿಬಿಡದೆ ಬೇರೆಯಾಗಿ ಬರೆಸಬೇಕು. ಆರ್.ಸಿ.ಸಿ. ಮನೆಗೆ ಆಲಿಕಲ್ಲಿನಿಂದ ಹೇಳಿಕೊಳ್ಳುವ ಹಾನಿ ಇಲ್ಲ. ಅದರ ಮೇಲಿನ ಸೋಲಾರ್ ಫಲಕ, ನೀರು ಕಾಯಿಸುವ ಗಾಜಿನ ನಳಿಗೆ ಮತ್ತು ಪ್ಲಾಸ್ಟಿಕ್ ತೊಟ್ಟಿಗಳನ್ನು ಮಾತ್ರ ನೋಡಿಕೊಳ್ಳಬೇಕು.

ಮಣ್ಣಿನ ಮಾಳಿಗೆ ಮನೆಯ ವಿಷಯ ಬೇರೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ತೊಲೆ-ಜಂತಿಗಳ ಮೇಲೆ ಹಾಸಿದ ಸವಳು ಮಣ್ಣು ನೀರನ್ನು ತಡೆಯುವುದು ಹೇಗೆ? ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಹನಿ ಬಿದ್ದೊಡನೆ ಜೇಡಿ ಕಣಗಳು ಚದುರಿ ಮಣ್ಣಿನ ರಂಧ್ರಗಳನ್ನು ತುಂಬಿಬಿಡುತ್ತವೆ. ಮೇಲಿನ ಪದರ ಮುಚ್ಚಿಕೊಂಡು ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ಮನೆಯನ್ನು ಕಾಯುತ್ತದೆ. ಹಿರಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಕಂಡುಕೊಂಡ ಈ ಜ್ಞಾನದ ಬಗ್ಗೆ ಮಣ್ಣು ವಿಜ್ಞಾನಿಗಳಿಗೂ ಗೌರವವಿದೆ. ಆದರೆ ಈ ವ್ಯವಸ್ಥೆ ನಿಂತಿರುವುದು ನೀರು ನಿಲ್ಲದೆ ಹರಿಯುತ್ತದೆ ಎಂಬ ಒಂದೇ ಆಧಾರದ ಮೇಲೆ. ಆಲಿಕಲ್ಲು ಆ ಆಧಾರವನ್ನೇ ತಪ್ಪಿಸುತ್ತದೆ. ಮೊದಲು ಮೇಲಿನ ಗಟ್ಟಿ ಪದರವನ್ನು ಕುಳಿ ಕುಳಿಯಾಗಿ ಒಡೆಯುತ್ತದೆ. ಆಮೇಲೆ ನೀರು ಹೊರಹೋಗುವ ಕೊಳವೆಯ ಬಾಯಿಯಲ್ಲಿ ರಾಶಿಯಾಗಿ ಕಟ್ಟಿಕೊಂಡು ನಿಧಾನವಾಗಿ ಕರಗುತ್ತ ಗಂಟೆಗಟ್ಟಲೆ ನೀರು ನಿಲ್ಲಿಸುತ್ತದೆ.

ಭಾರದ ಲೆಕ್ಕವನ್ನೂ ನೋಡಿ. ಒಂದು ಅಡಿ ದಪ್ಪದ ಒಣ ಮಣ್ಣೇ ಪ್ರತಿ ಚದರ ಮೀಟರಿಗೆ ಸುಮಾರು 450 ಕೆ.ಜಿ. ತೂಗುತ್ತದೆ. 10 ಸೆಂ.ಮೀ. ದಪ್ಪ ಆಲಿಕಲ್ಲು ನಿಂತರೆ ಇನ್ನು 50-60 ಕೆ.ಜಿ., ಮಣ್ಣು ನೀರು ಕುಡಿದರೆ ಅದಕ್ಕಿಂತಲೂ ಹೆಚ್ಚು. ಗೆದ್ದಲು ತಿಂದ ಜಂತಿ ಇದನ್ನು ತಾಳುವುದಿಲ್ಲ. ಮಾಳಿಗೆಯ ಮೇಲಿನ ಆಲಿಕಲ್ಲನ್ನು ಹಲಗೆಯಿಂದ ನೂಕಿ ತೆಗೆಯಿರಿ, ಸಲಿಕೆಯಿಂದ ಕೆರೆಯಬೇಡಿ. ಒಬ್ಬರೇ ಹತ್ತಿ, ಗೋಡೆ ಇಲ್ಲವೇ ತೊಲೆ ಇರುವ ಜಾಗದ ಮೇಲೆಯೇ ಕಾಲಿಡಿ. ಒದ್ದೆಯಾದ ಮಣ್ಣಿನ ಗೋಡೆ ಮಳೆ ನಿಂತ ಮೇಲೆ, ಒಂದೆರಡು ದಿನ ಕಳೆದು, ರಾತ್ರಿ ಹೊತ್ತಿನಲ್ಲಿ ಕುಸಿಯುವುದೇ ಜೀವಹಾನಿಗೆ ಮುಖ್ಯ ಕಾರಣ. ಗೋಡೆ ಉಬ್ಬಿದ್ದರೆ, ತೊಲೆಯಡಿ ಮಣ್ಣು ಉದುರುತ್ತಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದ್ದರೆ ಆ ರಾತ್ರಿ ಅಲ್ಲಿ ಯಾರೂ ಮಲಗಕೂಡದು. ಶಾಲೆಯೋ ಗುಡಿಯೋ ನೆರೆಮನೆಯೋ ಆಗಲಿ, ಮಕ್ಕಳು ಮತ್ತು ವೃದ್ಧರನ್ನು ಮೊದಲು ಸಾಗಿಸಿ. ದನಗಳನ್ನೂ ಅದೇ ಗೋಡೆಯ ಪಕ್ಕ ಕಟ್ಟಬೇಡಿ.

ಹಾನಿಯಾದ ಮೊದಲ ದಿನ

ಆಲಿಕಲ್ಲಿನ ದೊಡ್ಡ ತೊಂದರೆ ಎಂದರೆ ಅದು ತನ್ನ ಸಾಕ್ಷಿಯನ್ನು ತಾನೇ ಅಳಿಸಿಹಾಕುತ್ತದೆ. ಅರ್ಧ ಗಂಟೆಯಲ್ಲಿ ಕರಗಿದ ಮೇಲೆ ಉಳಿಯುವುದು ಒಡೆದ ಹಂಚು ಮಾತ್ರ. ಅದು ಮಂಗ ಒಡೆದದ್ದೋ ಆಲಿಕಲ್ಲು ಒಡೆದದ್ದೋ ಎಂದು ಕೇಳುವವರಿದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿಯೂ ಇವೆ. ಅವು ಎಷ್ಟು ಮಿ.ಮೀ. ಮಳೆ ಬಿತ್ತು, ಗಾಳಿ ಎಷ್ಟು ಬೀಸಿತು ಎಂಬುದನ್ನು ಹೇಳುತ್ತವೆ. ನಿಮ್ಮ ಓಣಿಯಲ್ಲಿ ಆಲಿಕಲ್ಲು ಬಿತ್ತೆಂದು ಹೇಳುವುದಿಲ್ಲ. ಕಿರಿದಾದ ಪಟ್ಟಿಯಲ್ಲಿ ಬೀಳುವ ಈ ವಿಪತ್ತಿಗೆ ಸ್ಥಳೀಯ ಸಾಕ್ಷಿಯೇ ಪ್ರಧಾನ ಆಧಾರ.

ಆದುದರಿಂದ ಮಳೆ ನಿಂತು, ಸಿಡಿಲಿನ ಭಯ ಹೋದೊಡನೆ, ನಾಲ್ಕಾರು ಕಲ್ಲುಗಳನ್ನು ಅಂಗೈಯಲ್ಲಿ ಅಥವಾ ತಟ್ಟೆಯಲ್ಲಿಟ್ಟು ಪಕ್ಕದಲ್ಲಿ 10 ರೂಪಾಯಿ ನಾಣ್ಯವನ್ನಿರಿಸಿ ಫೋಟೋ ತೆಗೆಯಿರಿ. ಆ ನಾಣ್ಯದ ವ್ಯಾಸ 27 ಮಿ.ಮೀ.; ಅದರಿಂದ ಕಲ್ಲಿನ ಗಾತ್ರವನ್ನು ಯಾರಾದರೂ ಅಳೆಯಬಹುದು. ಮೊಬೈಲಿನಲ್ಲಿ ದಿನಾಂಕ, ಸಮಯ ಮತ್ತು ಸ್ಥಳ ನಮೂದಾಗುವಂತೆ ಇರಲಿ. ಮನೆಯ ನಾಲ್ಕೂ ದಿಕ್ಕಿನಿಂದ ಒಂದೊಂದು, ಒಳಗಿನಿಂದ ಪ್ರತಿ ಕೋಣೆಯದು, ಮನೆ ಸಂಖ್ಯೆಯ ಫಲಕ ಕಾಣುವಂತೆ ಒಂದು, ಮನೆಯವರು ಎದುರು ನಿಂತದ್ದು ಒಂದು ಫೋಟೋ ಬೇಕು. ಒಡೆದ ಹಂಚು, ಶೀಟಿನ ತುಂಡುಗಳನ್ನು ಎಸೆಯದೆ ಒಂದೆಡೆ ರಾಶಿ ಹಾಕಿರಿ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಬರುತ್ತದೆ. ಅಧಿಕಾರಿ ಬಂದು ನೋಡುವವರೆಗೆ ಮುಟ್ಟದೆ ಬಿಡಬೇಕೇ, ಅಥವಾ ಮರುದಿನದ ಮಳೆಗೆ ಮುನ್ನ ರಿಪೇರಿ ಮಾಡಬೇಕೇ? ಬಿಟ್ಟರೆ ಕಾಳು ಕೊಳೆಯುತ್ತದೆ. ವಿಮಾ ಕಂಪನಿಯೂ ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ ಎನ್ನುತ್ತದೆ. ಪೂರ್ತಿ ರಿಪೇರಿ ಮಾಡಿದರೆ ನೋಡಲು ಏನೂ ಉಳಿಯುವುದಿಲ್ಲ. ಸರಿಯಾದ ದಾರಿ ನಡುವಿನದು. ಮೊದಲು ಫೋಟೋ, ಆಮೇಲೆ ತಾಡಪತ್ರಿ ಹೊದಿಸಿ ತಾತ್ಕಾಲಿಕ ರಕ್ಷಣೆ. ತಾಡಪತ್ರಿ, ಹಗ್ಗ, ಕೂಲಿಯ ರಸೀದಿಗಳನ್ನು ತೆಗೆದಿಡುವುದು. ಶಾಶ್ವತ ರಿಪೇರಿ ಪರಿಶೀಲನೆಯ ನಂತರ.

ಸರ್ಕಾರದ ಪರಿಹಾರ

ಆಲಿಕಲ್ಲು ಮಳೆ ರಾಜ್ಯ ವಿಪತ್ತು ಪರಿಹಾರ ನಿಧಿಯ ಅಧಿಸೂಚಿತ ವಿಪತ್ತುಗಳ ಪಟ್ಟಿಯಲ್ಲಿ ಹೆಸರಿಸಿಯೇ ಇದೆ. ವಿಮೆ ಇಲ್ಲದವರಿಗೂ ಇದು ಅನ್ವಯಿಸುತ್ತದೆ. 2022-23ರಿಂದ 2025-26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ಮಾರ್ಗಸೂಚಿಯಂತೆ, ಬಯಲು ಪ್ರದೇಶದಲ್ಲಿ ಪೂರ್ಣ ಅಥವಾ ತೀವ್ರವಾಗಿ ಹಾನಿಯಾದ ಮನೆಗೆ 1,20,000 ರೂ.; ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ.; ಗುಡಿಸಲಿಗೆ 8,000 ರೂ.; ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000 ರೂ. ಇದೆ. ಹಾಲು ಕೊಡುವ ಆಕಳು ಅಥವಾ ಎಮ್ಮೆ ಸತ್ತರೆ 37,500 ರೂ., ಎತ್ತಿಗೆ 32,000 ರೂ., ಕುರಿ-ಮೇಕೆಗೆ 4,000 ರೂ.; ಇದಕ್ಕೆ ಪಶುವೈದ್ಯರ ಪ್ರಮಾಣಪತ್ರ ಬೇಕಾದ್ದರಿಂದ ಸತ್ತ ಪ್ರಾಣಿಯನ್ನು ಅವರು ನೋಡುವ ಮುನ್ನ ಹೂಳಬಾರದು. ಕೈಮಗ್ಗ ಹಾಗೂ ಕರಕುಶಲ ಕೆಲಸಗಾರರ ಉಪಕರಣಕ್ಕೆ ಮತ್ತು ಕಚ್ಚಾ ಸಾಮಗ್ರಿಗೆ ತಲಾ 5,000 ರೂ. ಅವಕಾಶವಿದೆ. ರಾಜ್ಯ ಸರ್ಕಾರ ಕೆಲವು ವರ್ಷಗಳಲ್ಲಿ ತನ್ನ ಪಾಲನ್ನು ಸೇರಿಸಿ ಹೆಚ್ಚು ಕೊಟ್ಟಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗದ ಮನೆಗಳು ಬಿದ್ದಾಗ ‘ಎ’, ‘ಬಿ’, ‘ಸಿ’ ಎಂದು ವರ್ಗೀಕರಿಸಿ ಪರಿಹಾರ ನೀಡಿದ್ದು ಈ ಭಾಗದವರಿಗೆ ನೆನಪಿರುತ್ತದೆ. ಆ ದರವೇ ಈಗಲೂ ಸಿಗುತ್ತದೆಂದು ಎಣಿಸದೆ, ಹಾನಿಯಾದ ದಿನದಂದು ಜಾರಿಯಲ್ಲಿರುವ ಆದೇಶ ಯಾವುದೆಂದು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

ಭಾಗಶಃ ಹಾನಿಗೆ ಒಂದು ಷರತ್ತು ಇದೆ: ಹಾನಿ ಕನಿಷ್ಠ ಶೇ. 15ರಷ್ಟಿರಬೇಕು. ಆಲಿಕಲ್ಲಿನ ಪ್ರಕರಣಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಷರತ್ತಿನಿಂದಲೇ. ನೂರು ಹಂಚುಗಳಲ್ಲಿ ನಲವತ್ತು ಒಡೆದರೆ ಹಂಚಿನ ಹಾನಿ ಶೇ. 40 ಆಗಬಹುದು; ಆದರೆ ಗೋಡೆ, ತಳಪಾಯ, ಬಾಗಿಲು ಎಲ್ಲವನ್ನೂ ಸೇರಿಸಿದ ಇಡೀ ಮನೆಯ ಲೆಕ್ಕದಲ್ಲಿ ಅದು ಚಿಕ್ಕ ಪಾಲಾಗುತ್ತದೆ. ಆದ್ದರಿಂದ ಎಂಜಿನಿಯರು ಬಂದಾಗ ಹಂಚನ್ನಷ್ಟೇ ತೋರಿಸಿ ಸುಮ್ಮನಾಗಬೇಡಿ. ಮುರಿದ ರೀಪು, ಬಾಗಿದ ಜಂತಿ, ನೀರು ಕುಡಿದು ಉಬ್ಬಿದ ಗೋಡೆ, ಕುಸಿದ ಬೆಳಕಿಂಡಿ, ಕಿತ್ತುಹೋದ ವಿದ್ಯುತ್ ತಂತಿಯ ಜೋಡಣೆ ಎಲ್ಲವನ್ನೂ ತೋರಿಸಿ, ಪಂಚನಾಮೆಯಲ್ಲಿ ಬರೆಸಿ. ಇದ್ದುದನ್ನು ಹೇಳುವುದಕ್ಕೆ ಸಂಕೋಚ ಬೇಡ. ಇಲ್ಲದ್ದನ್ನು ಸೇರಿಸಬೇಡಿ, ಏಕೆಂದರೆ ಒಂದು ಸುಳ್ಳು ಪ್ರಕರಣ ಸಿಕ್ಕಿದರೆ ಇಡೀ ಓಣಿಯ ಅರ್ಜಿಗಳನ್ನು ಅನುಮಾನದಿಂದ ನೋಡಲಾಗುತ್ತದೆ.

ಅರ್ಜಿಯನ್ನು ಗ್ರಾಮ ಆಡಳಿತ ಅಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿ ಬಿಡದೆ ಲಿಖಿತವಾಗಿ ಕೊಟ್ಟು, ಒಂದು ಪ್ರತಿಯ ಮೇಲೆ ದಿನಾಂಕ ಸಹಿತ ಸಹಿ ಪಡೆಯಿರಿ. ಇನ್ನೊಂದು ಪ್ರತಿ ತಹಶೀಲ್ದಾರರ ಕಚೇರಿಗೆ ಸಲ್ಲಲಿ. ಜೊತೆಯಲ್ಲಿ ಪಂಚಾಯಿತಿಯ ಮನೆ ತೆರಿಗೆ ರಸೀದಿ ಅಥವಾ ಇ-ಸ್ವತ್ತು ಪ್ರತಿ, ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರ ಮತ್ತು ಫೋಟೋಗಳು ಇರಲಿ. ಮನೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಇದ್ದರೆ ಹಣ ಮಂಜೂರಾದರೂ ಯಾರ ಖಾತೆಗೆ ಹಾಕಬೇಕೆಂಬ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತದೆ. ಅಣ್ಣತಮ್ಮಂದಿರು ಒಂದೇ ಮನೆಯನ್ನು ಪಾಲು ಮಾಡಿಕೊಂಡು ವಾಸಿಸುವ ಕಡೆ ಈ ತೊಡಕು ಇನ್ನೂ ಹೆಚ್ಚು. ವಾರಸಾ ಬದಲಾವಣೆಯನ್ನು ಮಳೆಗಾಲ ಕಾಯದೆ ಮಾಡಿಸಿಕೊಳ್ಳಿ. ಹೊಲದಲ್ಲಿ ಕಟ್ಟಿದ ಮನೆಗೆ ಪಂಚಾಯಿತಿಯ ಸಂಖ್ಯೆ ಇಲ್ಲದಿದ್ದರೆ ಪಹಣಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿಯ ವಿಳಾಸಗಳಾದರೂ ಒಂದಕ್ಕೊಂದು ಹೊಂದುವಂತಿರಬೇಕು.

ಮನೆಯ ವಿಮೆ

ಮೇಲಿನ ಮೊತ್ತಗಳನ್ನು ನೋಡಿದರೆ ಒಂದು ಮಾತು ಸ್ಪಷ್ಟ: ಭಾಗಶಃ ಹಾನಿಗೆ ಸಿಗುವ ಪರಿಹಾರ ಹತ್ತಾರು ತಗಡಿನ ಬೆಲೆಗೂ ಸಾಲದು. ಅದು ಸಹಾಯಧನ, ನಷ್ಟಭರ್ತಿಯಲ್ಲ. ನಷ್ಟ ತುಂಬಿಕೊಳ್ಳಲು ಇರುವ ಸಾಧನ ವಿಮೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ ಮುಂತಾದವು ಇದರ ವ್ಯಾಪ್ತಿಯಲ್ಲಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂ.ವರೆಗೆ, ಮನೆಯೊಳಗಿನ ಸಾಮಾನುಗಳಿಗೂ ರಕ್ಷಣೆ ತಾನಾಗಿ ದೊರೆಯುತ್ತದೆ.

ವಿಮೆ ಮಾಡಿಸುವಾಗ ಮೂರು ವಿಷಯಗಳನ್ನು ಕೇಳಿ ತಿಳಿಯಿರಿ. ಆಲಿಕಲ್ಲು ಎಂಬ ಪದ ನಿಮ್ಮ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಇದೆಯೇ? ಇಲ್ಲದಿದ್ದರೆ ಬಿರುಗಾಳಿ ಎಂಬುದರೊಳಗೆ ಅದು ಸೇರುತ್ತದೆಯೇ ಎಂಬುದನ್ನು ಕಂಪನಿಯಿಂದ ಬರೆಹದಲ್ಲಿ ಪಡೆಯಿರಿ. ಏಜೆಂಟರ ಬಾಯಿಮಾತು ಹಾನಿಯ ದಿನ ನಿಲ್ಲುವುದಿಲ್ಲ. ಎರಡನೆಯದು, ಮೇಲ್ಛಾವಣಿ ಯಾವುದರದು ಎಂಬುದನ್ನು ಪ್ರಸ್ತಾವದಲ್ಲಿ ಇದ್ದಂತೆಯೇ ಬರೆಸಬೇಕು. ಮಣ್ಣಿನ ಮಾಳಿಗೆಯನ್ನೋ ತಗಡನ್ನೋ ‘ಆರ್.ಸಿ.ಸಿ.’ ಎಂದು ಬರೆದರೆ ಕಂತು ಕಡಿಮೆಯಾದೀತು, ಕ್ಲೇಮು ಮಾತ್ರ ತಿರಸ್ಕೃತವಾಗುತ್ತದೆ. ಮೂರನೆಯದು ವಿಮಾ ಮೊತ್ತ. ಇದು ಮನೆಯ ಮಾರಾಟ ಬೆಲೆಯಲ್ಲ, ಜಾಗದ ಬೆಲೆಯೂ ಸೇರುವುದಿಲ್ಲ. ಅದೇ ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚ. ಉದಾಹರಣೆಗೆ 600 ಚದರ ಅಡಿಗೆ ಅಡಿಯೊಂದಕ್ಕೆ 1,500 ರೂ. ಖರ್ಚಾಗುವುದಾದರೆ 9 ಲಕ್ಷ ರೂ. ಸಾಮಾನ್ಯ ಬೆಂಕಿ ವಿಮೆಗಳಲ್ಲಿ ಅರ್ಧ ಮೊತ್ತಕ್ಕೆ ಮಾತ್ರ ವಿಮೆ ಇದ್ದರೆ ಸಣ್ಣ ಹಾನಿಯಲ್ಲಿಯೂ ಅರ್ಧವನ್ನೇ ಕೊಡುವ ನಿಯಮವಿದೆ: 40,000 ರೂ. ನಷ್ಟಕ್ಕೆ 20,000 ರೂ. ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಮನೆಯ ಅಳತೆಯನ್ನು ಸರಿಯಾಗಿ ತಿಳಿಸಿರಬೇಕು, ಅಷ್ಟೆ.

ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ಪಡೆದವರು ಒಮ್ಮೆ ಸಾಲದ ಕಡತವನ್ನು ತೆಗೆದು ನೋಡಿ. ಸಾಲದೊಂದಿಗೆ ಮನೆ ವಿಮೆಯನ್ನೂ ಮಾಡಿಸಿ ಕಂತನ್ನು ಖಾತೆಯಿಂದ ಕಡಿತ ಮಾಡುತ್ತಿರಬಹುದು. ಪಾಲಿಸಿಯ ಪ್ರತಿಯನ್ನೇ ನೋಡದವರು ತಮ್ಮ ಹಕ್ಕನ್ನು ಕೇಳುವುದಾದರೂ ಹೇಗೆ?

ಹಾನಿಯಾದ ಕೂಡಲೇ ಕಂಪನಿಗೆ ದೂರವಾಣಿಯಲ್ಲಿ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಕ್ಲೇಮು ಅರ್ಜಿಯನ್ನು ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ, ಸಾಮಾನ್ಯವಾಗಿ 30 ದಿನಗಳೊಳಗೆ, ಸಲ್ಲಿಸಿ. ಕಂಪನಿ ಕಳಿಸುವ ಸರ್ವೇಯರ್ ನೋಡುವುದು ಮುಖ್ಯವಾಗಿ ಒಂದನ್ನೇ: ಈ ಹಾನಿ ಈ ಮಳೆಯಿಂದಲೇ ಆದದ್ದೇ, ಅಥವಾ ಹಳೆಯ ಸವೆತವೇ? ಸವೆತ, ತುಕ್ಕು, ನಿರ್ವಹಣೆಯ ಕೊರತೆಗಳಿಗೆ ವಿಮೆ ಇಲ್ಲ.

ನಮ್ಮ ಎರೆಭೂಮಿಯಲ್ಲಿ ಈ ಪ್ರಶ್ನೆ ಕಠಿಣವಾಗುತ್ತದೆ. ಎರೆಮಣ್ಣು ನೀರುಂಡಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ರೋಣ, ನರಗುಂದದ ಹೊಲಗಳಲ್ಲಿ ಏಪ್ರಿಲ್ ಹೊತ್ತಿಗೆ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ಕಾಣುತ್ತೀರಿ. ಅದೇ ಮಣ್ಣಿನ ಮೇಲೆ ನಿಂತ ಮನೆಯ ಗೋಡೆಯಲ್ಲಿಯೂ ಬಿರುಕು ಅತ್ಯಂತ ಅಗಲವಾಗಿರುವುದು ಆಗಲೇ. ಆಲಿಕಲ್ಲು ಬೀಳುವುದೂ ಅದೇ ತಿಂಗಳುಗಳಲ್ಲಿ. ಸರ್ವೇಯರ್ ಬಂದು ಗೋಡೆಯ ಬಿರುಕನ್ನು ಕಂಡು ‘ಹಳೆಯದು’ ಎಂದು ಬರೆದರೆ ಅವರು ಹೇಳುವುದು ಅರ್ಧ ನಿಜವೂ ಆಗಿರುತ್ತದೆ. ಇದಕ್ಕೆ ಉತ್ತರ ಹಾನಿಗೆ ಮುಂಚಿನ ಫೋಟೋ. ಪ್ರತಿ ವರ್ಷ ಯುಗಾದಿಗೆ ಮನೆ ಸಾರಿಸಿ ಸುಣ್ಣ ಬಳಿದ ಮೇಲೆ ಛಾವಣಿ, ಗೋಡೆ, ಜಂತಿಗಳ ಫೋಟೋ ತೆಗೆದು ಮಗಳಿಗೋ ಮಗನಿಗೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡಿ. ದಿನಾಂಕ ಅಲ್ಲಿಯೇ ದಾಖಲಾಗಿ ಉಳಿಯುತ್ತದೆ. ಹಳೆಯ ಬಿರುಕು ಎಲ್ಲಿತ್ತು, ಹೊಸದು ಯಾವುದು ಎಂಬುದನ್ನು ಆಗ ತೋರಿಸಬಹುದು. ಒಡೆದ ಬಿರುಕಿನ ಒಳಮೈಯನ್ನೂ ನೋಡಿ: ಹಳೆಯದರಲ್ಲಿ ಧೂಳು, ಜೇಡರ ಬಲೆ, ಸುಣ್ಣದ ಕಲೆ ಇರುತ್ತದೆ, ಹೊಸದರಲ್ಲಿ ಮಣ್ಣಿನ ಬಣ್ಣ ತಾಜಾ ಇರುತ್ತದೆ. ಸರ್ವೇಯರ್ ಎದುರಿನಲ್ಲಿಯೇ ಇದನ್ನು ತೋರಿಸಿ.

ಕ್ಲೇಮು ತಿರಸ್ಕೃತವಾದರೆ ಅಥವಾ ಮೊತ್ತ ತೀರಾ ಕಡಿಮೆಯಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ನೀಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿ 155255 ಸಂಖ್ಯೆಗೆ ಕರೆ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ.

ಬೆಳೆ ವಿಮೆ ಎಲ್ಲಿಯವರೆಗೆ?

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಸಾಮಾನ್ಯವಾಗಿ ಪ್ರದೇಶವಾರು ಇಳುವರಿಯ ಆಧಾರದ ಮೇಲೆ ನಡೆಯುತ್ತದೆ. ಆಲಿಕಲ್ಲು ಅದಕ್ಕೆ ಹೊರತಾದ ಸ್ಥಳೀಯ ವಿಪತ್ತು. ನಿಮ್ಮೊಬ್ಬರ ಹೊಲ ಹಾಳಾದರೂ ಪ್ರತ್ಯೇಕವಾಗಿ ಪರಿಗಣಿಸುತ್ತಾರೆ. ಆದರೆ 72 ಗಂಟೆಗಳೊಳಗೆ ಸರ್ವೆ ನಂಬರ್ ಸಹಿತ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. 14447 ಸಂಖ್ಯೆಗೆ ಕರೆ ಮಾಡಿಯೂ ತಿಳಿಸಬಹುದು. ಕೊಯ್ದು ಹೊಲದಲ್ಲಿಯೇ ಒಣಗಲು ಹರಡಿದ ಬೆಳೆಗೆ ಕೊಯ್ಲಿನಿಂದ 14 ದಿನಗಳವರೆಗೆ ರಕ್ಷಣೆ ಇದೆ. ಕಾಳು ಮನೆ ಸೇರಿದ ಮೇಲೆ ಈ ಯೋಜನೆಯ ಪಾತ್ರ ಮುಗಿಯಿತು. ಮನೆ ವಿಮೆಯಲ್ಲಿ ‘ಮನೆಯೊಳಗಿನ ಸಾಮಾನು’ ಎಂದರೆ ಗೃಹಬಳಕೆಯ ವಸ್ತುಗಳು; ಮಾರಾಟಕ್ಕೆಂದು ಇಟ್ಟ ಐವತ್ತು ಚೀಲ ಕಡಲೆ ಅದರಲ್ಲಿ ಸೇರುತ್ತದೆಂದು ಎಣಿಸಬಾರದು. ಬೆಲೆ ಏರಲೆಂದು ತಿಂಗಳುಗಟ್ಟಲೆ ಕಾಯುವವರು ಸೋರುವ ಪಡಸಾಲೆಯಲ್ಲಿ ಇಡುವುದಕ್ಕಿಂತ ಉಗ್ರಾಣದಲ್ಲಿಟ್ಟು ರಸೀದಿ ಪಡೆಯುವುದು ಮೇಲು. ಆ ರಸೀದಿಯ ಮೇಲೆ ಸಾಲವೂ ದೊರೆಯುತ್ತದೆ.

ನೆನೆದ ಬೀಜ

ಛಾವಣಿ ಒಡೆದಾಗ ಯಾವ ಪಂಚನಾಮೆಯಲ್ಲಿಯೂ ಬಾರದ ನಷ್ಟವೊಂದಿದೆ: ಮುಂಗಾರಿಗೆ ಬಿತ್ತಲು ಇಟ್ಟ ಹೆಸರು, ಹಿಂಗಾರಿಗೆಂದು ಆರಿಸಿಟ್ಟ ಜೋಳ ಮತ್ತು ಕಡಲೆ. ನೆನೆದ ಚೀಲಗಳನ್ನು ಅದೇ ದಿನ ಬಿಚ್ಚಿ, ಒಣ ಚೀಲಗಳಿಂದ ಬೇರ್ಪಡಿಸಿ, ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಗಾಳಿಗೆ ಆರಿಸಿ, ಆಮೇಲೆ ಎಳೆಬಿಸಿಲಿನಲ್ಲಿ ಒಣಗಿಸಬೇಕು. ನೇರವಾಗಿ ಮಧ್ಯಾಹ್ನದ ಬಿಸಿಲಿಗೆ ಹಾಕಿದರೆ ದ್ವಿದಳ ಕಾಳಿನ ಸಿಪ್ಪೆ ಬಿರಿದು ಮೊಳಕೆ ಕೆಡುತ್ತದೆ. ಮೊಳಕೆಯ ತುದಿ ಕಾಣಿಸಿದ ಕಾಳನ್ನು ಬೀಜವೆಂದು ಇಟ್ಟುಕೊಳ್ಳಬೇಡಿ, ಬೇರೆಯವರಿಗೂ ಮಾರಬೇಡಿ. ಔಷಧಿ ಉಪಚರಿಸಿದ ಬೀಜ ನೆನೆದಿದ್ದರೆ ಅದನ್ನು ದನಗಳಿಗಾಗಲಿ ಕೋಳಿಗಳಿಗಾಗಲಿ ಹಾಕಕೂಡದು. ಮೇಲಿನಿಂದ ಸುರಿದ ನೀರು ಕೀಟನಾಶಕದ ಡಬ್ಬಿಗಳ ಮೇಲೆ ಹರಿದು ಕಾಳಿನ ಚೀಲ ತಲುಪಿದ್ದರೆ ಆ ಚೀಲವನ್ನು ಊಟಕ್ಕೂ ಬಳಸಬಾರದು.

ಒಣಗಿದ ಮೇಲೆ ಪ್ರತಿ ಚೀಲದ ಮೇಲೆ, ನಡುವೆ, ಕೆಳಗಿನಿಂದ ಕಾಳು ತೆಗೆದು ಕಲಸಿ, 100 ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ದಿನಕ್ಕೆರಡು ಸಲ ನೀರು ಚಿಮುಕಿಸುತ್ತ ಏಳು ದಿನಗಳ ನಂತರ ಬೇರು-ಚಿಗುರು ಎರಡೂ ನೆಟ್ಟಗಿರುವ ಮೊಳಕೆಗಳನ್ನು ಎಣಿಸಬೇಕು. ಹೆಸರು ಮತ್ತು ಜೋಳಕ್ಕೆ ಕನಿಷ್ಠ 75, ಕಡಲೆಗೆ 85 ಮೊಳಕೆ ಇದ್ದರೆ ಬಿತ್ತನೆಗೆ ಯೋಗ್ಯ. ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಆ ಪ್ರಮಾಣಕ್ಕೆ ತಕ್ಕಂತೆ ಬೀಜದ ಪ್ರಮಾಣ ಹೆಚ್ಚಿಸಬಹುದು. 60ಕ್ಕಿಂತ ಕೆಳಗಿದ್ದರೆ ಆ ಬೀಜವನ್ನು ಬಿಟ್ಟು, ಮುಂಗಾರು ಆರಂಭವಾಗಿ ನೂಕುನುಗ್ಗಲಾಗುವ ಮುನ್ನವೇ ರೈತ ಸಂಪರ್ಕ ಕೇಂದ್ರದಲ್ಲಿ ಹೊಸ ಬೀಜಕ್ಕೆ ಹೆಸರು ಕೊಡಿ.